ಆದಯ್ಯ ಮತ್ತು ಅನನಿಯಾಸ್: ಇಬ್ಬರು ವರ್ತಕರು



ಸೌರಾಷ್ಟ್ರದ ಆದಯ್ಯ ವ್ಯಾಪಾರಕ್ಕೆಂದು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನು. ನಮ್ಮ ಹಾಗೆಯೇ ದುಡಿಮೆ ಅರಸಿ ಹೊರಟವನು. ಹರಿಹರ, ರಾಘವಾಂಕರು ಹೇಳುವ ಕಥೆಯಲ್ಲಿ ಜೈನರ ಹುಡುಗಿ ಪದ್ಮಾವತಿ ಶಿವಭಕ್ತೆಯಾಗಿ ಅವನ ಕೈಹಿಡಿಯುತ್ತಾಳೆ. ಮುಂದೆ ಶಿವಭಕ್ತರಿಗೆಂದು ಮಾಡಿದ ಅಡುಗೆಯನ್ನು ಮಾವನ ಮನೆಯವರು ಜೈನ ಮುನಿಗಳಿಗೆ ಬಡಿಸುತ್ತಾರೆ. ಕೆರಳಿದ ಆದಯ್ಯ ಸೌರಾಷ್ಟ್ರದಿಂದ ಸೋಮನಾಥನನ್ನೇ ಕರೆತಂದು ಬಸದಿಯಲ್ಲಿ ನಿಲ್ಲಿಸುತ್ತಾನೆ.

ಅದಕ್ಕೂ ಎಷ್ಟೋ ಶತಮಾನ ಹಿಂದೆ, ಕ್ರಿ.ಶ. 1ನೇ ಶತಮಾನದಲ್ಲಿ, ಅನನಿಯಾಸ್ ಎಂಬ ಯಹೂದಿ ವರ್ತಕನಿದ್ದ. ಇಂದಿನ ಉತ್ತರ ಇರಾಕಿನಲ್ಲಿದ್ದ ಅದಿಯಬೀನ್ ರಾಜ್ಯದ ಇಜಾತೆಸ್ ಅವನಿಂದ ಯಹೂದಿ ಧರ್ಮ ಕಲಿತ. ದೊರೆಯಾದ ಮೇಲೆ ಸುನ್ನತಿಗೆ ಹೊರಟಾಗ ತಡೆದವನೂ ಅನನಿಯಾಸನೇ: ಪ್ರಜೆಗಳು ತಿರುಗಿಬಿದ್ದಾರು, ಸುನ್ನತಿಯಿಲ್ಲದೆಯೂ ದೇವರನ್ನು ಪೂಜಿಸಬಹುದು. ಗಲಿಲಾಯದಿಂದ ಬಂದ ಎಲಿಯಾಜರ್ ಇದನ್ನು ಒಪ್ಪಲಿಲ್ಲ. ಧರ್ಮಶಾಸ್ತ್ರ ಓದಿದರೆ ಸಾಲದು, ಅದರಂತೆ ನಡೆಯಬೇಕು ಎಂದ. ದೊರೆ ಸುನ್ನತಿ ಮಾಡಿಸಿಕೊಂಡ. ಹೊರಗಿನವರನ್ನು ಸೇರಿಸಿಕೊಳ್ಳುವ ಬಗ್ಗೆ ಪ್ರಾಚೀನ ಯಹೂದಿಗಳಲ್ಲಿ ಒಮ್ಮತವಿರಲಿಲ್ಲ ಎಂಬುದು ಇತಿಹಾಸಕಾರ ಜೋಸೆಫಸ್ ಬರೆದ ಈ ಪ್ರಸಂಗದಿಂದಲೇ ತಿಳಿಯುತ್ತದೆ.

ಬೇ ಏರಿಯಾದ ನಮ್ಮ ಮನೆಗಳಿಗೂ ಸೊಸೆ-ಅಳಿಯಂದಿರು ಬೇರೆ ಧರ್ಮಗಳಿಂದ ಬರುತ್ತಿದ್ದಾರೆ. ಮದುವೆಗೆ ಮುಂಚೆ 'ನಮ್ಮವರಾಗಿ' ಎಂದು ಕೇಳಬೇಕೇ? ಲೆಕ್ಕಪರಿಶೋಧಕನಾದ ನನಗೆ ಎಲ್ಲದಕ್ಕೂ ಸಹಿ, ಮುದ್ರೆ ಬೇಕು. ಈ ವಿಷಯದಲ್ಲಿ ಮಾತ್ರ ನಾನು ಅನನಿಯಾಸನ ಪಕ್ಷ.

ಅಂದಹಾಗೆ, ಇಜಾತೆಸನ ತಾಯಿ ಹೆಲೆನಾ ಕೂಡ ಹೊರಗಿನಿಂದ ಬಂದು ಯಹೂದಿಯಾದವಳೇ. ಜೆರುಸಲೇಮಿಗೆ ಬರಗಾಲ ಬಂದಾಗ ಈಜಿಪ್ಟಿನಿಂದ ಧಾನ್ಯ, ಸೈಪ್ರಸ್‌ನಿಂದ ಒಣ ಅಂಜೂರ ತರಿಸಿ ಹಸಿದವರಿಗೆ ಹಂಚಿದವಳು ಅವಳು.