ಫಿಲ್ಟರು ಕೊಳವೆಯ ಬಾಯಿಗೆ ಬಂದ ಬಗೆ

ಗ್ರಹಣ ಬಂತೆಂದರೆ ಮಲೆಬೆನ್ನೂರು, ಹರಿಹರದ ಕಡೆ ತಟ್ಟೆ ನೀರಿನಲ್ಲಿ ಒನಕೆ ನಿಲ್ಲಿಸುವುದು, ಸಗಣಿ ನೀರಿನಲ್ಲಿ ಸೂರ್ಯನ ಬಿಂಬ ನೋಡುವುದು ರೂಢಿ. ಒನಕೆಯ ಮಾತು ಬಿಡಿ, ತಳ ಸಪಾಟಾಗಿದ್ದರೆ ಅದು ಯಾವ ದಿನವೂ ನಿಲ್ಲುತ್ತದೆ. ಸಗಣಿ ನೀರಿನ ಹಿಂದೆ ಮಾತ್ರ ಒಂದು ತಿಳಿವಳಿಕೆಯಿದೆ: ಬಿಸಿಲು ಕಣ್ಣು ಮುಟ್ಟುವ ಮೊದಲೇ ತಗ್ಗಬೇಕು. ಆದರೆ ತಗ್ಗಿದ್ದು ಸಾಲದು. ನೆತ್ತಿಯ ಸೂರ್ಯನ ಬೆಳಕಿನಲ್ಲಿ ನೀರು ಶೇ 2ರಷ್ಟನ್ನು ಹಿಂದಿರುಗಿಸಿದರೆ, ದೂರದರ್ಶಕದ ಸೌರ ಫಿಲ್ಟರು ಒಳಗೆ ಬಿಡುವುದು ಲಕ್ಷದಲ್ಲೊಂದು ಪಾಲು. ಅಂತರ ಎರಡು ಸಾವಿರ ಪಟ್ಟು.

ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಕೂಡ ಇದೇ ತೊಡಕಿನಲ್ಲಿ ಸಿಕ್ಕಿದ್ದರು. ಬಣ್ಣದ ಗಾಜುಗಳನ್ನಿಟ್ಟು ಸೂರ್ಯನನ್ನು ನೋಡಿದರೆ ಕೆಲವದರಲ್ಲಿ ಬೆಳಕು ಕಡಿಮೆ, ಕಾವು ಜೋರು; ಕೆಲವದರಲ್ಲಿ ತಿರುವುಮುರುವು. 1800ರಲ್ಲಿ ಪಟ್ಟಕದಿಂದ ಬೆಳಕು ಬಿಡಿಸಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಹಿಡಿದರು. ಕೆಂಪಿನಾಚೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಅವಕೆಂಪು ಕಿರಣ ಸಿಕ್ಕಿದ್ದು ಹೀಗೆ, ಫಿಲ್ಟರು ಹುಡುಕುವಾಗ! ಆಮೇಲೆ ಅವರು ಶಾಯಿ ಕಲಸಿದ ನೀರಿನ ಮೂಲಕವೂ ಸೂರ್ಯನನ್ನು ನೋಡಿದರು. ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ 1868ರ ಆಗಸ್ಟ್ 18ರ ಪೂರ್ಣಗ್ರಹಣಕ್ಕೆ ರೋಹಿತದರ್ಶಕ ಹೂಡಿದ್ದು ನಮ್ಮ ಜಮಖಂಡಿಯಲ್ಲಿ.

ದೂರದರ್ಶಕದಲ್ಲಿ ಕಣ್ಣಿಡುವ ತುದಿಗೆ ಕಪ್ಪು ಗಾಜಿಟ್ಟರೆ ಮಸೂರ ಒಟ್ಟುಮಾಡಿದ ಕಾವೆಲ್ಲ ಅದರ ಮೇಲೇ ಬೀಳುತ್ತದೆ. ಕಾದ ಗಾಜು ಸೂಚನೆ ಕೊಡದೆ ಸೀಳುತ್ತದೆ. 1866ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೊ ಮುಂದಿನ ಮಸೂರಕ್ಕೇ ತೆಳ್ಳಗೆ ಬೆಳ್ಳಿ ಲೇಪಿಸಿ, ಬಿಸಿಲನ್ನು ಬಾಗಿಲಲ್ಲೇ ತಡೆಯುವ ದಾರಿ ತೋರಿಸಿದರು. ಇಂದಿನ ಲೋಹಲೇಪಿತ ಹಾಳೆ ಅದೇ ವಂಶದ್ದು. ಇಷ್ಟಾದರೂ ಅಗ್ಗದ ದೂರದರ್ಶಕಗಳ ಜೊತೆ, ನೇತ್ರಮಸೂರಕ್ಕೆ ತಿರುಪುವ ‘ಸನ್’ ಎಂಬ ಕಪ್ಪು ಗಾಜು ಬಹುಕಾಲ ಬರುತ್ತಲೇ ಇತ್ತು. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಎಸೆದುಬಿಡಿ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜಿಗೂ ಇದೇ ಗತಿ. ಗ್ರಹಣದ ಕನ್ನಡಕ ಹಾಕಿಕೊಂಡು ದೂರದರ್ಶಕಕ್ಕೆ ಕಣ್ಣಿಟ್ಟರೆ ಕನ್ನಡಕವೇ ಸುಟ್ಟೀತು.

ಹಾಳೆ ಕೊಳ್ಳುವಾಗ ಸಾಂದ್ರತೆ 5, ಅಂದರೆ ಲಕ್ಷದಲ್ಲೊಂದು ಪಾಲು ಬೆಳಕು ಬಿಡುವುದು, ಎಂದಿರಲಿ; 3.8ರದ್ದು ಫೋಟೊಗೆ ಮಾತ್ರ. ಬಲ್ಬಿನೆದುರು ಹಿಡಿದಾಗ ಸೂಜಿಮೊನೆಯಷ್ಟು ತೂತು, ಗೀರು ಕಂಡರೂ ಬೇಡ. ಸುಕ್ಕಿದ್ದರೆ ಚಿಂತೆಯಿಲ್ಲ, ಬಿಗಿಯಾಗಿ ಎಳೆಯಲು ಹೋಗಬೇಡಿ. ರಟ್ಟಿನ ಬಳೆ ಮಾಡಿ, ಅದಕ್ಕೆ ಹಾಳೆ ಅಂಟಿಸಿ, ಕೊಳವೆಯ ಬಾಯಿಗೆ ಗಟ್ಟಿಯಾಗಿ ಕೂರಿಸಿ, ಸುತ್ತ ಟೇಪು ಸುತ್ತಿ. ಗಾಳಿ ಬೀಸಿದರೂ, ಮಕ್ಕಳ ಕೈ ತಾಗಿದರೂ ಜಾರಕೂಡದು. ಪಕ್ಕದಲ್ಲಿ ಗುರಿ ಹಿಡಿಯಲಿರುವ ಪುಟ್ಟ ದೂರದರ್ಶಕವನ್ನು (ಫೈಂಡರ್) ಮರೆಯುವವರೇ ಹೆಚ್ಚು. ಅದಕ್ಕೂ ಮುಚ್ಚಳ ಹಾಕಿ. ಫಿಲ್ಟರು ಹಾಕಿದ ಮೇಲೆಯೇ ಸೂರ್ಯನತ್ತ ತಿರುಗಿಸಬೇಕು, ಬೇರೆಡೆ ತಿರುಗಿಸಿದ ಮೇಲೆಯೇ ತೆಗೆಯಬೇಕು.

2027ರ ಆಗಸ್ಟ್ 2ರಂದು ಕರ್ನಾಟಕಕ್ಕೆ ಪಾರ್ಶ್ವಗ್ರಹಣವಿದೆ. ಅದು ಮಳೆಗಾಲ, ಮೋಡವಿರದೆಂಬ ಭರವಸೆ ಕೊಡಲಾಗದು. 2031ರ ಮೇ 21ರ ಕಂಕಣಗ್ರಹಣ ಕೇರಳ, ತಮಿಳುನಾಡಿನ ಮೇಲೆ ಹಾಯುವಾಗ ನಮ್ಮಲ್ಲೂ ಸೂರ್ಯನ ಬಹುಭಾಗ ಮರೆಯಾಗುತ್ತದೆ. ಶಾಲೆಯಲ್ಲಿ ದೂರದರ್ಶಕವಿರುವ ಮೇಷ್ಟ್ರುಗಳು ಹಾಳೆಯನ್ನು ಈಗಲೇ ತರಿಸಿಟ್ಟುಕೊಳ್ಳಲಿ. ಸೂರ್ಯನ ಕಲೆ ನೋಡಲು ಗ್ರಹಣವೇ ಬರಬೇಕೆಂದೇನೂ ಇಲ್ಲ.