ಬಾಯಾರಿಕೆಯ ಲೆಕ್ಕ, ಲೋಟದ ಲೆಕ್ಕ

ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಎಂಬ ಮಾತು ನಮಗೆಲ್ಲ ಬಾಯಿಪಾಠವಾಗಿದೆ. ಬಾಯಾರಲಿ ಬಿಡಲಿ, ಲೋಟ ಎಣಿಸಿ ಕುಡಿಯುವವರಿದ್ದಾರೆ. ಎಣಿಕೆ ತಪ್ಪಿತೆಂದು ಕಳವಳಪಡುವವರೂ ಇದ್ದಾರೆ. ಈ ಎಂಟರ ಹಿಂದೆ ಯಾವ ಪ್ರಯೋಗವಿದೆ ಎಂದು ಅಮೆರಿಕದ ಮೂತ್ರಪಿಂಡ ತಜ್ಞ ಹೈನ್ಜ್ ವಾಲ್ಟಿನ್ ಹುಡುಕಿದರು. ಆರೋಗ್ಯವಂತ ವಯಸ್ಕರೆಲ್ಲರೂ ಇಷ್ಟು ಕುಡಿಯಬೇಕೆನ್ನಲು ಪುರಾವೆ ಸಿಗಲಿಲ್ಲವೆಂದು 2002ರಲ್ಲಿ ಬರೆದರು. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿ ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕೆಂದು ಸಲಹೆ ಕೊಟ್ಟಿತ್ತು. ಅದರ ಬಹುಪಾಲು ಊಟದಲ್ಲೇ ಸಿಗುತ್ತದೆ ಎಂದೂ ಅಲ್ಲೇ ಹೇಳಿತ್ತು. ಅಂಕಿ ಜನರ ನೆನಪಿನಲ್ಲಿ ಉಳಿಯಿತು, ಅದರ ಬೆನ್ನಿಗಿದ್ದ ವಿವರಣೆ ಮರೆತುಹೋಯಿತು. ನೀರು ಎಷ್ಟು ಬೇಕೆಂಬ ಲೆಕ್ಕ ನಮ್ಮ ದೇಹದೊಳಗೇ ಇದೆ, ಬಹುತೇಕ ಜನರು ಅದನ್ನು ನಂಬಿ ನಡೆಯಬಹುದು. ಆ ಲೆಕ್ಕ ಮಂಕಾದಾಗ, ಇಲ್ಲವೇ ಅದರ ಮಾತು ಕೇಳಲು ಅವಕಾಶವೇ ಇಲ್ಲದಾಗ ಅಪಾಯ ಶುರುವಾಗುತ್ತದೆ. ನಮ್ಮ ಕಾಳಜಿ ಅಲ್ಲಿಗೆ ಹರಿಯಬೇಕು.

ವಯಸ್ಕರ ದೇಹತೂಕದಲ್ಲಿ ಸುಮಾರು ಶೇ 60ರಷ್ಟು ನೀರೇ. ಅದರಲ್ಲಿ ಕರಗಿರುವ ಲವಣಗಳ ಪ್ರಮಾಣ ಕಿರಿದಾದ ಮಿತಿಯೊಳಗೇ ಇರಬೇಕು. ಬೆವರು, ಉಸಿರು, ಮೂತ್ರಗಳಲ್ಲಿ ನೀರು ಹೋದಂತೆ ರಕ್ತ ತುಸು ಗಾಢವಾಗುತ್ತದೆ. ಆಗ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ಕೆಲವು ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ. ಕುಗ್ಗಿದೊಡನೆ ಸುದ್ದಿ ಮುಟ್ಟಿಸುತ್ತವೆ. ರಕ್ತದ ಗಾಢತೆ ಶೇ 1ರಿಂದ 2ರಷ್ಟು ಏರಿದರೂ ಸಾಕು, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಿ ನೀರು ಉಳಿಸುವಂತೆ ಮೂತ್ರಪಿಂಡಗಳಿಗೆ ಸೂಚಿಸುತ್ತದೆ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸೋಸುವ ದ್ರವ ಸುಮಾರು 180 ಲೀಟರ್. ಮೂತ್ರವಾಗಿ ಹೊರಹೋಗುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಎದ್ದಾಗ ಮೂತ್ರ ಗಾಢ ಹಳದಿಯಾಗಿರುವುದು ಇದೇ ಕಾರಣಕ್ಕೆ. ರಾತ್ರಿಯಿಡೀ ನೀರು ಕುಡಿಯದ ದೇಹ ಇದ್ದುದನ್ನೇ ಜೋಪಾನ ಮಾಡಿ, ಕಸವನ್ನು ಕಡಿಮೆ ನೀರಿನಲ್ಲಿ ಹೊರಹಾಕಿರುತ್ತದೆ. ಎದ್ದು ನೀರು ಕುಡಿದು, ತಿಂಡಿ ತಿಂದ ಮೇಲೆ ಬಣ್ಣ ತಿಳಿಯಾಗುತ್ತದೆ. ದಿನವಿಡೀ ಗಾಢವಾಗಿಯೇ ಉಳಿದರೆ ನೀರು ಸಾಲುತ್ತಿಲ್ಲವೆಂದು ತಿಳಿಯಬಹುದು.

ಬಾಯಾರಿಕೆ ಆಗುವಷ್ಟರಲ್ಲಿ ದೇಹ ಒಣಗಿಯೇ ಬಿಟ್ಟಿರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ರಕ್ತದ ಗಾಢತೆ ಶೇ 2 ಏರುವ ಮೊದಲೇ ಬಾಯಾರಿಕೆ ಶುರುವಾಗುತ್ತದೆ. ನಿರ್ಜಲೀಕರಣ ಎಂದು ವೈದ್ಯರು ಕರೆಯುವ ಸ್ಥಿತಿ ಅದಕ್ಕಿಂತ ಬಹಳ ಮುಂದಿದೆ. ಹಾಗಾಗಿ ಬಾಯಾರಿಕೆಯನ್ನು ಹೊತ್ತಿಗೆ ಮುಂಚೆ ಬರುವ ಎಚ್ಚರಿಕೆ ಎನ್ನಬೇಕು. ಎಲ್ಲರಿಗೂ ಒಂದೇ ಅಳತೆ ಹೊಂದುವುದೂ ಇಲ್ಲ. 23 ದೇಶಗಳ 5,604 ಜನರ ದೇಹದಲ್ಲಿ ದಿನಕ್ಕೆಷ್ಟು ನೀರು ಬಂದುಹೋಗುತ್ತದೆಂದು ವಿಜ್ಞಾನಿಗಳು ಭಾರಜಲ ಬೆರೆಸಿದ ನೀರು ಕುಡಿಸಿ ಅಳೆದು, ಫಲಿತಾಂಶವನ್ನು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಯಸ್ಸು, ದೇಹದ ಗಾತ್ರ, ದುಡಿಮೆ, ಬಿಸಿಲು, ಗಾಳಿಯ ತೇವ ಇವೆಲ್ಲ ಆ ಪ್ರಮಾಣವನ್ನು ಬದಲಿಸುತ್ತವೆಂದು ಕಂಡುಬಂತು. ಏಪ್ರಿಲ್ ಬಿಸಿಲಲ್ಲಿ ರಾಯಚೂರಿನ ಹೊಲದಲ್ಲಿ ದುಡಿಯುವವರ ಲೆಕ್ಕವೂ ಮಡಿಕೇರಿಯ ಮಳೆಗಾಲದಲ್ಲಿ ಮನೆಯೊಳಗೆ ಕುಳಿತವರ ಲೆಕ್ಕವೂ ಒಂದೇ ಆಗಲು ಹೇಗೆ ಸಾಧ್ಯ? ಜೊತೆಗೆ ಅಂಬಲಿ, ಗಂಜಿ, ಮಜ್ಜಿಗೆ, ಸಾರು, ಸೌತೆಕಾಯಿ ಕೋಸಂಬರಿ ಎಲ್ಲದರಲ್ಲೂ ನೀರಿದೆ. ಕಾಫಿ, ಚಹಾ ಕುಡಿದರೂ ನೀರೇ ಒಳಗೆ ಸೇರುತ್ತದೆ.

ಹೆಚ್ಚು ಕುಡಿದರೆ ನಷ್ಟವೇನು, ದೇಹದ ವಿಷವಾದರೂ ತೊಳೆದುಹೋದೀತು ಎಂಬುದು ಇನ್ನೊಂದು ವಾದ. ರಕ್ತದ ಕಸ ಸೋಸಲು ಆರೋಗ್ಯವಂತ ಮೂತ್ರಪಿಂಡಕ್ಕೆ ಹೆಚ್ಚುವರಿ ಕೊಡಗಟ್ಟಲೆ ನೀರು ಬೇಕಿಲ್ಲ. ಅಗತ್ಯ ಮೀರಿದ ನೀರನ್ನು ಅದು ಸಾಮಾನ್ಯವಾಗಿ ಹೊರಹಾಕುತ್ತದೆ, ಆದರೆ ಅದಕ್ಕೂ ಮಿತಿಯಿದೆ. ಕಡಿಮೆ ಹೊತ್ತಿನಲ್ಲಿ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು, ಜೀವಕ್ಕೂ ಕುತ್ತು ಬರಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಈ ತೊಂದರೆ ಎದ್ದು ಕಂಡಿತು. ಹೃದಯ ಇಲ್ಲವೇ ಮೂತ್ರಪಿಂಡ ಸೋತಿರುವವರಿಗಂತೂ ವೈದ್ಯರು ಹೇಳಿದ ಅಳತೆಯೇ ಅಳತೆ.

ಹಾಗೆಂದು ಬಾಯಾರಿಕೆ ಎಲ್ಲರಿಗೂ ಎಲ್ಲ ಕಾಲಕ್ಕೂ ಸಾಕಾಗುವ ಕಾವಲುಗಾರನಲ್ಲ. 1984ರ ಒಂದು ಪ್ರಯೋಗದಲ್ಲಿ ಏಳು ಯುವಕರು ಮತ್ತು 67 ದಾಟಿದ ಏಳು ಆರೋಗ್ಯವಂತ ಹಿರಿಯರು 24 ಗಂಟೆ ನೀರಿಲ್ಲದೆ ಇದ್ದರು. ಹಿರಿಯರ ರಕ್ತ ಹೆಚ್ಚು ಗಾಢವಾಗಿದ್ದರೂ ಅವರಿಗೆ ಬಾಯಾರಿಕೆ ಅಷ್ಟಾಗಿ ಕಾಡಲಿಲ್ಲ. ನೀರು ಮುಂದಿಟ್ಟಾಗಲೂ ಅವರು ಯುವಕರಿಗಿಂತ ಕಡಿಮೆ ಕುಡಿದರು. ಹಾಗಾಗಿ ಬೇಸಿಗೆಯಲ್ಲಿ ಅಜ್ಜ ಅಜ್ಜಿ ಕೇಳುವವರೆಗೆ ಕಾಯದೆ ಮಂಚದ ಪಕ್ಕ ಚೆಂಬು ತುಂಬಿಸಿಡಬೇಕು, ನಡುನಡುವೆ ಮಜ್ಜಿಗೆಯ ಲೋಟ ಕೈಗಿಡಬೇಕು. ಮೂತ್ರಪಿಂಡದಲ್ಲಿ ಒಮ್ಮೆ ಕಲ್ಲಾದವರಿಗೂ ಬಾಯಾರಿಕೆಯಷ್ಟೇ ಸಾಲದು. ಇಟಲಿಯಲ್ಲಿ ಅಂಥ 199 ರೋಗಿಗಳನ್ನು ಐದು ವರ್ಷ ಗಮನಿಸಿದಾಗ, ಹೆಚ್ಚು ನೀರು ಕುಡಿದವರಲ್ಲಿ ಶೇ 12ರಷ್ಟು ಮಂದಿಗೆ ಕಲ್ಲು ಮರುಕಳಿಸಿತು, ಉಳಿದವರಲ್ಲಿ ಶೇ 27ರಷ್ಟು ಮಂದಿಗೆ. ಇತ್ತ ಆರು ತಿಂಗಳೊಳಗಿನ ಕೂಸಿನ ವಿಷಯ ತಿರುವುಮುರುವು: ತಾಯಿಯ ಹಾಲಿನಲ್ಲೇ ಹೆಚ್ಚುಕಡಿಮೆ ಶೇ 88ರಷ್ಟು ನೀರಿರುವುದರಿಂದ ಎಂಥ ಸೆಕೆಯಲ್ಲೂ ಬೇರೆ ನೀರು ಬೇಕಿಲ್ಲ. ವಾಂತಿಭೇದಿಯಾದಾಗ ನೀರಿನ ಜೊತೆ ಉಪ್ಪೂ ಸೋರಿಹೋಗುವುದರಿಂದ ಬರೀ ನೀರು ಸಾಲದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿನ ಪ್ರಮಾಣವನ್ನು ಶೇ 4ಕ್ಕಿಂತ ಕೆಳಗಿಳಿಸಿದರು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಗುಂಪು ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಬಾಯಾರಿದ್ದು ಗೊತ್ತಿದ್ದೂ ಕುಡಿಯಲಾಗದವರು ಇವರು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಸಂಜೆಯವರೆಗೆ ಬಾಟಲಿ ಮುಟ್ಟದ ಹುಡುಗಿ, ಕೆಲಸದ ಜಾಗದಲ್ಲಿ ಮರೆಯೇ ಇಲ್ಲದ ಕಟ್ಟಡ ಕಾರ್ಮಿಕ ಹೆಂಗಸು, ದಿನವಿಡೀ ಬಸ್ಸಿನಲ್ಲೇ ಇರುವ ಕಂಡಕ್ಟರಮ್ಮ ಬೇಕೆಂದೇ ನೀರು ಕಡಿಮೆ ಮಾಡುತ್ತಾರೆ. ಉರಿಮೂತ್ರ ಪದೇಪದೇ ಕಾಡುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಬಾರಿ ಸೋಂಕು ತಗುಲಿದರೆ, ಮೊದಲಿನಂತೆಯೇ ಇದ್ದವರಿಗೆ 3.2 ಬಾರಿ. ಈ ಫಲಿತಾಂಶ ಇಟ್ಟುಕೊಂಡು ಆ ಹುಡುಗಿಗೆ ಹೆಚ್ಚು ನೀರು ಕುಡಿ ಎಂದು ಹೇಳುವುದು ಸುಲಭ. ಆದರೆ ಚಿಲಕವಿರುವ ಬಾಗಿಲು, ನಲ್ಲಿಯಲ್ಲಿ ನೀರು, ಹತ್ತು ನಿಮಿಷದ ಬಿಡುವು ಇಲ್ಲದಿದ್ದರೆ ಆ ಉಪದೇಶದಿಂದ ಅವಳಿಗೆ ಏನೂ ದಕ್ಕದು. ಬಾಯಾರಿಕೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದು ಹೇಳಿದಾಗ ಕುಡಿಯುವ ಅನುಕೂಲವನ್ನು ಎಲ್ಲರಿಗೂ ಒದಗಿಸುವುದು ಶಾಲೆ ನಡೆಸುವವರ, ಕೆಲಸ ಕೊಡುವವರ, ಊರು ಆಳುವವರ ಹೊಣೆ. ಲೋಟ ಎಣಿಸುವ ಬದಲು ನಾವು ಬಾಗಿಲುಗಳನ್ನು ಎಣಿಸಲು ಕಲಿಯಬೇಕು.