ಇಂಗ್ಲಿಷ್‌ನ ನೌನ್ ಫ್ರೇಸ್: ತಪ್ಪು ಕಲ್ಪನೆಗಳು ಮತ್ತು ಸತ್ಯ

ಒಂದು ನಾಮಪದವೂ ಅದಕ್ಕೆ ಸೇರಿದ ಪದಗಳೂ ಕೂಡಿ ವಾಕ್ಯದಲ್ಲಿ ಒಂದೇ ಘಟಕವಾಗಿ ಕೆಲಸ ಮಾಡಿದರೆ ಅದು ನೌನ್ ಫ್ರೇಸ್. 'ದ ಟಾಲ್ ಗರ್ಲ್ ಇನ್ ದ ರೆಡ್ ಸ್ಯಾರಿ ಸ್ಯಾಂಗ್ ವೆಲ್' ಎಂಬ ವಾಕ್ಯದ ಮೊದಲ ಏಳು ಪದಗಳು ಒಟ್ಟಾಗಿ ಹಾಡಿದವಳು ಯಾರೆಂದು ಹೇಳುತ್ತವೆ. ಅವುಗಳಲ್ಲಿ 'ಗರ್ಲ್' ಮುಖ್ಯಪದ. ಯಾವ ಹುಡುಗಿ ಎಂದು ಗುರುತಿಸಿಕೊಡುವುದು ಉಳಿದ ಆರು ಪದಗಳ ಕೆಲಸ. ಶಾಲೆಯಲ್ಲಿ ವ್ಯಾಕರಣ ಸಾಮಾನ್ಯವಾಗಿ ಪದಗಳ ವರ್ಗೀಕರಣದಿಂದ ಆರಂಭವಾಗುತ್ತದೆ: ಇದು ನಾಮಪದ, ಇದು ಗುಣವಾಚಕ, ಇದು ಆರ್ಟಿಕಲ್. ಬಿಡಿ ಪದಗಳನ್ನು ಗುರುತಿಸಬಲ್ಲ ಮಗುವಿಗೆ ಅವು ಯಾವ ಯಾವ ಗುಂಪುಗಳಲ್ಲಿ ನಿಂತಿವೆ ಎಂಬುದು ಕಾಣದೇ ಹೋಗಬಹುದು. ಕೆಳಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ.

ತಪ್ಪು ಕಲ್ಪನೆ: ಸರ್ವನಾಮ ನಾಮಪದದ ಬದಲಿಗೆ ಬರುತ್ತದೆ

ಈ ವ್ಯಾಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದರಂತೆ ಮೇಲಿನ ವಾಕ್ಯದಲ್ಲಿ 'ಗರ್ಲ್' ತೆಗೆದು 'ಶಿ' ಹಾಕಿದರೆ 'ದ ಟಾಲ್ ಶಿ ಇನ್ ದ ರೆಡ್ ಸ್ಯಾರಿ' ಎಂದಾಗುತ್ತದೆ. ಅದು ಇಂಗ್ಲಿಷ್ ಅಲ್ಲ. 'ಶಿ' ಬಂದರೆ ಏಳು ಪದಗಳೂ ಜಾಗ ಬಿಡಬೇಕು: 'ಶಿ ಸ್ಯಾಂಗ್ ವೆಲ್'. ಸರ್ವನಾಮ ಬರುವುದು ಇಡೀ ನೌನ್ ಫ್ರೇಸ್‌ನ ಬದಲಿಗೆ. ತರಗತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. 'ಹಿ', 'ಶಿ', 'ಇಟ್', 'ದೇ' ಇವುಗಳಲ್ಲೊಂದನ್ನು ಇಟ್ಟಾಗ ಯಾವ ಪದಗಳೆಲ್ಲ ಹೊರಗೆ ಹೋಗುತ್ತವೆಯೋ ಅಲ್ಲಿಯವರೆಗೆ ನೌನ್ ಫ್ರೇಸ್‌ನ ಗಡಿ. ಮೂರನೇ ತರಗತಿಯ ಮಗುವೂ ಇದನ್ನು ಮಾಡಿ ನೋಡಬಲ್ಲದು.

ತಪ್ಪು ಕಲ್ಪನೆ: ಫ್ರೇಸ್ ಎಂದರೆ ಎರಡು ಪದಗಳಾದರೂ ಇರಬೇಕು

'ಬರ್ಡ್ಸ್ ಫ್ಲೈ' ಎಂಬಲ್ಲಿ 'ಬರ್ಡ್ಸ್' ಒಂದೇ ಪದ. ಅದರ ಜಾಗಕ್ಕೆ 'ದೇ' ಬರುತ್ತದೆ, 'ದ ಬ್ಲ್ಯಾಕ್ ಬರ್ಡ್ಸ್ ಆನ್ ದ ವೈರ್' ಕೂಡ ಬರುತ್ತದೆ. ಮೂರೂ ಮಾಡುವ ಕೆಲಸ ಒಂದೇ ಆದ್ದರಿಂದ ಆಧುನಿಕ ವ್ಯಾಕರಣ ಮೂರನ್ನೂ ನೌನ್ ಫ್ರೇಸ್ ಎಂದೇ ಕರೆಯುತ್ತದೆ.

ಗೊಂದಲಕ್ಕೆ ಒಂದು ಕಾರಣ ಹಳೆಯ ಪಠ್ಯಗಳಲ್ಲಿದೆ. 1930ರ ದಶಕದಿಂದ ಭಾರತದ ಶಾಲೆಗಳಲ್ಲಿ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ, ನಾಮಪದದ ಕೆಲಸ ಮಾಡುವ ಪದಗಳ ಗುಂಪನ್ನು ನೌನ್ ಫ್ರೇಸ್ ಎನ್ನುತ್ತದೆ. ಆ ಲೆಕ್ಕದಲ್ಲಿ 'ಐ ಎಂಜಾಯ್ ಪ್ಲೇಯಿಂಗ್ ಕಬಡ್ಡಿ' ಎಂಬ ವಾಕ್ಯದ 'ಪ್ಲೇಯಿಂಗ್ ಕಬಡ್ಡಿ' ಕೂಡ ನೌನ್ ಫ್ರೇಸ್. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣದಲ್ಲಿ ಅದೇ ಭಾಗ ಒಂದು ಬಗೆಯ ಉಪವಾಕ್ಯ, ಏಕೆಂದರೆ ಅದರ ಕೇಂದ್ರದಲ್ಲಿರುವುದು 'ಪ್ಲೇ' ಎಂಬ ಕ್ರಿಯಾಪದ. ಎರಡು ಪುಸ್ತಕಗಳಲ್ಲಿ ಎರಡು ಉತ್ತರ ಕಂಡ ವಿದ್ಯಾರ್ಥಿ ತನ್ನನ್ನೇ ದಡ್ಡನೆಂದುಕೊಳ್ಳಬೇಕಾಗಿಲ್ಲ. ಅವು ಎರಡು ವರ್ಗೀಕರಣ ಪದ್ಧತಿಗಳು. ಇದನ್ನು ಶಿಕ್ಷಕರು ಬಾಯಿಬಿಟ್ಟು ಹೇಳುವುದು ಅಗತ್ಯ.

ತಪ್ಪು ಕಲ್ಪನೆ: ಆರ್ಟಿಕಲ್ ಆರಿಸುವುದು ನಾಮಪದ ನೋಡಿ

'ಆ್ಯಪಲ್' ಸ್ವರದಿಂದ ಆರಂಭವಾಗುವುದರಿಂದ 'ಆನ್ ಆ್ಯಪಲ್' ಎಂದು ಕಲಿತ ಮಗು 'ಆನ್ ರೆಡ್ ಆ್ಯಪಲ್' ಎಂದು ಬರೆದರೆ ಅದು ಕಲಿತ ನಿಯಮದ್ದೇ ಫಲ. ಆರ್ಟಿಕಲ್ ನಿಲ್ಲುವುದು ಇಡೀ ಫ್ರೇಸ್‌ನ ತಲೆಬಾಗಿಲಲ್ಲಿ. ತನ್ನ ಪಕ್ಕದ ಪದದ ಉಚ್ಚಾರಣೆಯನ್ನಷ್ಟೇ ಅದು ಗಮನಿಸುತ್ತದೆ. 'ಎ ಹೌಸ್', ಆದರೆ 'ಆನ್ ಓಲ್ಡ್ ಹೌಸ್'.

ಆ ಜಾಗದಲ್ಲಿ 'ಎ', 'ದ', 'ದಿಸ್', 'ದಟ್', 'ಮೈ', 'ಯುವರ್' ಇವುಗಳಲ್ಲಿ ಒಂದಕ್ಕೆ ಮಾತ್ರ ಅವಕಾಶ. ಕನ್ನಡದಲ್ಲಿ 'ನನ್ನ ಆ ಪುಸ್ತಕ' ಸಹಜವಾಗಿರುವುದರಿಂದ ನಮ್ಮ ಮಕ್ಕಳು 'ದಟ್ ಮೈ ಬುಕ್' ಎನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಎರಡನೆಯದು ಹಿಂದಕ್ಕೆ ಸರಿಯಬೇಕು: 'ದಟ್ ಬುಕ್ ಆಫ್ ಮೈನ್'.

ತಪ್ಪು ಕಲ್ಪನೆ: ಮುಖ್ಯಪದ ಕೊನೆಯಲ್ಲಿರುತ್ತದೆ

ಯಾರೂ ಕಲಿಸದಿದ್ದರೂ ಕನ್ನಡ ಮನೆಮಾತಿನ ಮಕ್ಕಳಲ್ಲಿ ಬೇರೂರಿರುವ ಕಲ್ಪನೆಯಿದು, ಎಲ್ಲಕ್ಕಿಂತ ಹೆಚ್ಚು ತಪ್ಪು ಮಾಡಿಸುವುದೂ ಇದೇ. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿರಲಿ, ನಾಮಪದಕ್ಕೆ ಮೊದಲೇ ಬರುತ್ತದೆ. 'ಬಾಗಿಲ ಬಳಿ ನಿಂತಿರುವ ಆ ಎತ್ತರದ ಹುಡುಗ' ಎಂಬಲ್ಲಿ ಎಲ್ಲವೂ ಮುಗಿದ ಮೇಲೆ 'ಹುಡುಗ' ಬರುತ್ತಾನೆ. ಇಂಗ್ಲಿಷ್ ಈ ವಿವರಗಳನ್ನು ಎರಡು ಪಾಲು ಮಾಡುತ್ತದೆ. 'ಆ ಎತ್ತರದ' ಎಂಬುದು ಮುಂದೆ, 'ಬಾಗಿಲ ಬಳಿ ನಿಂತಿರುವ' ಎಂಬುದು ಹಿಂದೆ: 'ದಟ್ ಟಾಲ್ ಬಾಯ್ ಸ್ಟ್ಯಾಂಡಿಂಗ್ ನಿಯರ್ ದ ಡೋರ್'. ಸಾಮಾನ್ಯವಾಗಿ ಒಂಟಿ ಗುಣವಾಚಕ ಮುಖ್ಯಪದಕ್ಕೆ ಮೊದಲು ಬರುತ್ತದೆ. ಪ್ರಿಪೊಸಿಷನ್‌ನಿಂದಲೋ 'ಹೂ', 'ವಿಚ್' ಪದಗಳಿಂದಲೋ ಆರಂಭವಾಗುವ ಗುಂಪು ನಂತರ ಬರುತ್ತದೆ. 'ನಿನ್ನೆ ಬಂದ ಹುಡುಗ' ಎಂಬುದು 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ' ಆಗುತ್ತದೆ. ಈ ಫ್ರೇಸ್‌ನೊಳಗೆ 'ಕೇಮ್' ಎಂಬ ಕ್ರಿಯಾಪದವಿರುವುದನ್ನು ಗಮನಿಸಬೇಕು. ಫ್ರೇಸ್‌ನಲ್ಲಿ ಕ್ರಿಯಾಪದ ಇರುವುದೇ ಇಲ್ಲ ಎಂಬ ಹೇಳಿಕೆಯೂ ಇಲ್ಲಿಗೆ ಬಿದ್ದುಹೋಗುತ್ತದೆ.

ಮುಖ್ಯಪದವನ್ನು ತಪ್ಪಾಗಿ ಗುರುತಿಸಿದರೆ ಕ್ರಿಯಾಪದವೂ ತಪ್ಪುತ್ತದೆ. 'ಮಾವಿನ ಹಣ್ಣುಗಳ ಪೆಟ್ಟಿಗೆ ಭಾರವಾಗಿದೆ' ಎನ್ನುವಾಗ 'ಪೆಟ್ಟಿಗೆ' ಕೊನೆಯಲ್ಲೇ ಇರುವುದರಿಂದ ಮಗು ಎಡವುವುದಿಲ್ಲ. 'ದ ಬಾಕ್ಸ್ ಆಫ್ ಮ್ಯಾಂಗೋಸ್' ಎಂಬಲ್ಲಿ ಕ್ರಿಯಾಪದದ ಪಕ್ಕದಲ್ಲಿರುವುದು 'ಮ್ಯಾಂಗೋಸ್'. ಹೀಗಾಗಿ 'ಆರ್ ಹೆವಿ' ಎಂದು ಬರೆಯುವುದು ಸುಲಭ. 'ಭಾರವಾಗಿರುವುದು ಯಾವುದು?' ಎಂದು ಕೇಳಿ, ಇಡೀ ಗುಂಪಿನ ಜಾಗಕ್ಕೆ 'ಇಟ್' ಹಾಕಿಸಿದರೆ 'ಈಸ್' ತಾನಾಗಿ ಬರುತ್ತದೆ. ಉದ್ದನೆಯ ಕನ್ನಡ ಪದಪುಂಜವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಮುಖ್ಯಪದದ ಕೆಳಗೆ ಗೆರೆ ಎಳೆಸಿ, ಆಮೇಲೆ ಇಂಗ್ಲಿಷ್‌ನಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಮಕ್ಕಳಿಂದಲೇ ಜೋಡಣೆ ಮಾಡಿಸಬೇಕು. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಲಿಸುವ ಈ ಕ್ರಮಕ್ಕೆ ಇಂಗ್ಲಿಷ್ ತರಗತಿಯಲ್ಲಿ ಹಿಂಜರಿಯುವ ಕಾರಣವಿಲ್ಲ.

ತಪ್ಪು ಕಲ್ಪನೆ: ಗುಣವಾಚಕ ಹೆಚ್ಚಿದಷ್ಟೂ ಫ್ರೇಸ್ ಚೆನ್ನ

ಇಂಗ್ಲೆಂಡಿನ 2014ರ ರಾಷ್ಟ್ರೀಯ ಪಠ್ಯಕ್ರಮದಲ್ಲಿ ವಿಸ್ತೃತ ನೌನ್ ಫ್ರೇಸ್ ಪ್ರಾಥಮಿಕ ಶಾಲೆಯ ಎರಡನೇ ವರ್ಷದಲ್ಲೇ ಬರುತ್ತದೆ. ಅಲ್ಲಿ ಅದಕ್ಕೆ ಎರಡು ಉದ್ದೇಶಗಳು: ವರ್ಣನೆ ಮತ್ತು ನಿರ್ದಿಷ್ಟತೆ. ಅಭ್ಯಾಸ ಮಾಡಿಸುವಾಗ ಎರಡನೆಯದನ್ನು ಮರೆತರೆ ಮಕ್ಕಳು 'ಬಿಗ್ ಬ್ಯೂಟಿಫುಲ್ ನೈಸ್ ಟ್ರೀ' ಎಂದು ಪದ ಪೇರಿಸುತ್ತಾರೆ. 'ದ ಟ್ಯಾಮರಿಂಡ್ ಟ್ರೀ ಬಿಹೈಂಡ್ ದ ಸ್ಕೂಲ್' ಎಂಬುದರಲ್ಲಿ ಗುಣವಾಚಕ ಒಂದೂ ಇಲ್ಲ, ಆದರೂ ಯಾವ ಮರವೆಂದು ಖಚಿತವಾಗಿ ತಿಳಿಯುತ್ತದೆ.

ಇಲ್ಲಿ 'ಟ್ಯಾಮರಿಂಡ್' ಸ್ವತಃ ನಾಮಪದ. ನಾಮಪದಕ್ಕೆ ನಾಮಪದವೇ ವಿಶೇಷಣವಾಗುವ ಇಂಥ ಜೋಡಣೆ ಮಕ್ಕಳ ನಾಲಿಗೆಯ ಮೇಲೆ ಆಗಲೇ ಇದೆ: ಬಸ್ ಸ್ಟ್ಯಾಂಡ್, ರೈಸ್ ಮಿಲ್. ಮೊದಲ ನಾಮಪದ ಸಾಮಾನ್ಯವಾಗಿ ಏಕವಚನದಲ್ಲೇ ಉಳಿಯುತ್ತದೆ. ಆದ್ದರಿಂದ 'ಟೆನ್ ರುಪೀ ನೋಟ್', 'ರುಪೀಸ್' ಅಲ್ಲ. 'ಸ್ಪೋರ್ಟ್ಸ್ ಡೇ'ಯಂಥ ಅಪವಾದಗಳೂ ಇವೆ.

ತಪ್ಪು ಕಲ್ಪನೆ: ನೌನ್ ಫ್ರೇಸ್ ಎಂದರೆ ವಾಕ್ಯದ ಕರ್ತೃ

ಕರ್ತೃ ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. 'ಮೈ ಅಂಕಲ್' ಎಂಬುದನ್ನೇ ತೆಗೆದುಕೊಂಡರೆ 'ಮೈ ಅಂಕಲ್ ಕೇಮ್' ಎಂಬಲ್ಲಿ ಅದು ಕರ್ತೃ, 'ಐ ಸಾ ಮೈ ಅಂಕಲ್' ಎಂಬಲ್ಲಿ ಕರ್ಮ, 'ವಿತ್ ಮೈ ಅಂಕಲ್' ಎಂಬಲ್ಲಿ ಪ್ರಿಪೊಸಿಷನ್‌ನ ಜೊತೆಗಾರ. 'ಹಿ ಕೇಮ್ ಲಾಸ್ಟ್ ಮಂಡೇ' ಎಂಬ ವಾಕ್ಯದಲ್ಲಿ 'ಲಾಸ್ಟ್ ಮಂಡೇ' ಎಂಬ ನೌನ್ ಫ್ರೇಸ್ ಕಾಲವನ್ನು ಸೂಚಿಸುತ್ತದೆ. 'ದ ಬಾಯ್ ನೆಕ್ಸ್ಟ್ ಡೋರ್ಸ್ ಬೈಸಿಕಲ್' ಎನ್ನುವಾಗ ಒಡೆತನ ಸೂಚಿಸುವ 'ಸ್' ಅಂಟಿರುವುದು 'ಡೋರ್' ಪದಕ್ಕೆ. ಆದರೆ ಸೈಕಲ್ ಬಾಗಿಲಿನದಲ್ಲ, ಪಕ್ಕದ ಮನೆಯ ಹುಡುಗನದು.